ಓದುಗರ ಪ್ರಶ್ನೆ: ಪ್ಯಾಕೆಟ್ಟಿಗೆ ದಾರಿ ಹೇಳುವವರು ಯಾರು?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಶಿಕ್ಷಕರು ಬರೆದವು. ಅಂತರಜಾಲದ ವಿಳಾಸಗಳನ್ನೂ ಸಂದೇಶಗಳು ದಾರಿ ಹಿಡಿಯುವ ಬಗೆಯನ್ನೂ ವಿದ್ಯಾರ್ಥಿಗಳಿಗೆ ಕಲಿಸುವುದು ಹೇಗೆ ಎಂದು ಬೇರೆ ಬೇರೆ ಮಾತುಗಳಲ್ಲಿ ಅವರೆಲ್ಲ ಕೇಳಿದ್ದಾರೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿಗೆ ಕಂಪ್ಯೂಟರ್ ವಿಜ್ಞಾನ ಕಲಿಸುತ್ತೇನೆ. ಐಪಿ ವಿಳಾಸಗಳ ಕ್ಲಾಸ್ ಎ, ಬಿ, ಸಿ ಮಿತಿಗಳನ್ನು ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಆದರೆ ‘ನೀನು ಕಳುಹಿಸಿದ ಸಂದೇಶ ದೆಹಲಿಗೆ ಹೋಗುವ ದಾರಿಯನ್ನು ಯಾರು ಗೊತ್ತುಮಾಡಿದರು?’ ಎಂದು ಕೇಳಿದರೆ ಇಡೀ ತರಗತಿ ಸುಮ್ಮನಾಗುತ್ತದೆ. ಎಲ್ಲಿಂದ ಶುರುಮಾಡಲಿ? ನಮ್ಮಲ್ಲಿ ಪ್ರಯೋಗಾಲಯ ಹೆಸರಿಗಷ್ಟೇ ಇದೆ.
— ಉಪನ್ಯಾಸಕಿ, ಹಾವೇರಿ

ಉತ್ತರ: ಕ್ಲಾಸುಗಳನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲ ದಿನ ಒಂದು ಅಂಚೆ ಲಕೋಟೆಯನ್ನು ಹಿಡಿದುಕೊಂಡು ತರಗತಿಗೆ ಹೋಗಿ. ನಿಮ್ಮೂರಿನ ಪಿನ್‌ಕೋಡ್ 581110. ಈ ಆರಂಕಿಯ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಅಂಚೆ ಮತ್ತು ತಂತಿ ಮಂಡಳಿಯ ಹಿರಿಯ ಸದಸ್ಯರಾಗಿದ್ದ, ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯ; 56ರಿಂದ 59ರವರೆಗಿನ ಮೊದಲೆರಡು ಅಂಕಿಗಳು ಕರ್ನಾಟಕದವು; ಮೂರನೆಯದು ಸೇರಿದರೆ ವಿಂಗಡಣೆಯ ಜಿಲ್ಲೆ ಸಿಗುತ್ತದೆ; ಉಳಿದ ಮೂರು ಅಂಕಿಗಳು ಪತ್ರವನ್ನು ಬಟವಾಡೆ ಮಾಡುವ ಅಂಚೆ ಕಚೇರಿಯನ್ನು ಸೂಚಿಸುತ್ತವೆ. ಗುವಾಹಟಿಯಲ್ಲಿ ಪತ್ರಗಳನ್ನು ವಿಂಗಡಿಸುವವರಿಗೆ ಹಾವೇರಿ ಎಲ್ಲಿದೆ ಎಂಬುದು ಗೊತ್ತಿರಬೇಕಾಗಿಲ್ಲ. ಆರಂಭದ ಒಂದೆರಡು ಅಂಕಿಗಳನ್ನು ನೋಡಿ ಸರಿಯಾದ ಚೀಲಕ್ಕೆ ಹಾಕಿದರೆ ಅವರ ಕೆಲಸ ಮುಗಿಯಿತು. ನಿಮ್ಮ ವಿದ್ಯಾರ್ಥಿಗಳಿಗೆ ಮೊದಲು ಮನದಟ್ಟಾಗಬೇಕಾದದ್ದು ಇದೇ. ಅಂತರಜಾಲದಲ್ಲಿ ಸಂದೇಶದ ತುಂಡುಗಳನ್ನು, ಅಂದರೆ ಪ್ಯಾಕೆಟ್ಟುಗಳನ್ನು, ಮುಂದೆ ದಾಟಿಸುವ ಯಂತ್ರವೇ ರೂಟರ್; ಯಾವ ರೂಟರಿಗೂ ಪೂರ್ತಿ ದಾರಿ ಗೊತ್ತಿರುವುದಿಲ್ಲ. ವಿಳಾಸದ ಮೊದಲ ಭಾಗವನ್ನು ನೋಡಿ, ಪ್ಯಾಕೆಟ್ಟನ್ನು ತನ್ನ ನೆರೆಯ ರೂಟರುಗಳಲ್ಲಿ ಯಾವುದಕ್ಕೆ ಕೊಡಬೇಕು ಎಂಬುದನ್ನಷ್ಟೇ ಅದು ತೀರ್ಮಾನಿಸುತ್ತದೆ. ನಿಮ್ಮ ಪ್ರಶ್ನೆಗೆ ತರಗತಿ ಸುಮ್ಮನಾಗುವುದು ಸಹಜವೇ, ಏಕೆಂದರೆ ದಾರಿಯನ್ನು ಗೊತ್ತುಮಾಡಿದ ಒಬ್ಬರು ಎಲ್ಲಿಯೂ ಇಲ್ಲ.

ಇದನ್ನು ಹೇಳಿ ತಿಳಿಸುವುದಕ್ಕಿಂತ ಆಡಿಸಿ ತಿಳಿಸುವುದು ಸುಲಭ, ಅದಕ್ಕೆ ಪ್ರಯೋಗಾಲಯವೂ ಬೇಡ. ಪ್ರತಿ ಬೆಂಚಿನಲ್ಲಿ ಒಬ್ಬರನ್ನು ರೂಟರ್ ಮಾಡಿ, ಅವರ ಕೈಗೆ ಒಂದು ಚೀಟಿ ಕೊಡಿ. ಅದರಲ್ಲಿ ಮೂರೇ ಸಾಲು: ‘58ರಿಂದ ಶುರುವಾದರೆ ಎಡಗಡೆಯವರಿಗೆ, 57ರಿಂದ ಶುರುವಾದರೆ ಬಲಗಡೆಯವರಿಗೆ, ಉಳಿದದ್ದೆಲ್ಲ ಹಿಂದಿನವರಿಗೆ.’ ಬೆಂಚಿನಿಂದ ಬೆಂಚಿಗೆ ಚೀಟಿ ಬೇರೆಯಾಗಿರಬೇಕು, ಯಾರೂ ಮತ್ತೊಬ್ಬರ ಚೀಟಿಯನ್ನು ನೋಡಬಾರದು, ಯಾರೂ ಎದ್ದು ನಿಲ್ಲಬಾರದು, ಲಕೋಟೆಯ ಮೇಲಿನ ಪಿನ್‌ಕೋಡ್ ಬಿಟ್ಟು ಬೇರೇನನ್ನೂ ಓದಬಾರದು. ಇಷ್ಟು ನಿಯಮ ಹೇಳಿ ಇಪ್ಪತ್ತು ಲಕೋಟೆಗಳನ್ನು ಒಟ್ಟಿಗೆ ಬಿಡಿ. ಚೀಟಿಗಳನ್ನು ನೀವು ಸರಿಯಾಗಿ ಬರೆದಿದ್ದರೆ ಎಲ್ಲವೂ ತಲುಪುತ್ತವೆ, ಆದರೆ ಅವು ಹೋದ ದಾರಿಯನ್ನು ಪೂರ್ತಿಯಾಗಿ ಹೇಳಬಲ್ಲ ವಿದ್ಯಾರ್ಥಿ ತರಗತಿಯಲ್ಲಿ ಒಬ್ಬನೂ ಇರುವುದಿಲ್ಲ. ‘ಉಳಿದದ್ದೆಲ್ಲ’ ಎಂಬ ಕೊನೆಯ ಸಾಲಿಗೆ ಜಾಲದವರು ಡಿಫಾಲ್ಟ್ ರೂಟ್ ಎನ್ನುತ್ತಾರೆ. ಮನೆಯಲ್ಲಿರುವ ವೈಫೈ ಪೆಟ್ಟಿಗೆಗೆ ಹೊರಜಗತ್ತಿನ ಬಗ್ಗೆ ಗೊತ್ತಿರುವುದು ಹೆಚ್ಚೂಕಡಿಮೆ ಆ ಒಂದು ಸಾಲು ಮಾತ್ರ.

ಮರುದಿನ ಒಂದೆರಡು ಚೀಟಿಗಳಿಗೆ ಹೊಸದೊಂದು ಸಾಲು ಸೇರಿಸಿ: ‘5811ರಿಂದ ಶುರುವಾದರೆ ಮುಂದಿನವರಿಗೆ.’ ಈಗ 581110 ಬಂದಾಗ 58ರ ಸಾಲೂ ಹೊಂದುತ್ತದೆ, 5811ರ ಸಾಲೂ ಹೊಂದುತ್ತದೆ. ಏನು ಮಾಡಬೇಕೆಂದು ನೀವು ಹೇಳಬೇಡಿ, ಅವರೇ ವಾದಿಸಲಿ. ನಾನು ಈ ಆಟ ಆಡಿಸಿದಾಗಲೆಲ್ಲ ಯಾರಾದರೊಬ್ಬರು ‘ಹೆಚ್ಚು ಅಂಕಿ ಹೊಂದುವ ಸಾಲು ಹೆಚ್ಚು ಖಚಿತವಾದದ್ದು, ಅದನ್ನೇ ಹಿಡಿಯಬೇಕು’ ಎಂಬಲ್ಲಿಗೆ ಬಂದು ಮುಟ್ಟಿದ್ದಾರೆ. ರೂಟರುಗಳು ಪಾಲಿಸುವ ನಿಯಮವೂ ಅದೇ; ಪಠ್ಯಪುಸ್ತಕದ ಭಾಷೆಯಲ್ಲಿ ಅದರ ಹೆಸರು ಲಾಂಗೆಸ್ಟ್ ಪ್ರಿಫಿಕ್ಸ್ ಮ್ಯಾಚ್. ಇದನ್ನು ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ಕೂರಿಸಿ. ಮುಂದೆ ಇನ್ನೊಂದು ಪ್ರಶ್ನೆಗೆ ಇದರಿಂದಲೇ ಉತ್ತರಿಸಬೇಕಾಗಿದೆ.

ಮೂರನೆಯ ದಿನ ಬೇಕೆಂದೇ ತಪ್ಪು ಮಾಡಿ. ಅಕ್ಕಪಕ್ಕದ ಎರಡು ಬೆಂಚುಗಳಲ್ಲಿ ಒಬ್ಬರ ಚೀಟಿ ‘59 ಬಲಕ್ಕೆ’ ಎನ್ನಲಿ, ಇನ್ನೊಬ್ಬರದು ‘59 ಎಡಕ್ಕೆ’ ಎನ್ನಲಿ. ಬೆಳಗಾವಿಗೆ ಹೊರಟ 590001ರ ಲಕೋಟೆ ಆ ಇಬ್ಬರ ನಡುವೆ ಗಂಟೆ ಹೊಡೆಯುವವರೆಗೂ ಓಡಾಡುತ್ತಿರುತ್ತದೆ. ನಗಬೇಡಿ, ನಾನು ಕೆಲಸ ಮಾಡುತ್ತಿದ್ದ ಕಡೆ ಒಮ್ಮೆ ಎರಡು ರೂಟರುಗಳ ಡಿಫಾಲ್ಟ್ ರೂಟುಗಳು ಹೀಗೆ ಪರಸ್ಪರ ಮುಖ ಮಾಡಿದ್ದವು, ಅದನ್ನು ಹುಡುಕಿ ಸರಿಪಡಿಸಲು ನಮಗೆ ಅರ್ಧ ದಿನ ಹಿಡಿದಿತ್ತು. ಇದಕ್ಕೆ ಮದ್ದೇನು ಎಂದು ತರಗತಿಯನ್ನು ಕೇಳಿ, ನಂತರ ಲಕೋಟೆಯ ಮೂಲೆಯಲ್ಲಿ 8 ಎಂದು ಬರೆಯಿರಿ. ಕೈ ಬದಲಾದಾಗಲೆಲ್ಲ ಒಂದು ಕಳೆದು ಬರೆಯಬೇಕು. ಸೊನ್ನೆ ಯಾರ ಕೈಯಲ್ಲಿ ಬರುತ್ತದೋ ಅವರು ಲಕೋಟೆಯನ್ನು ಹರಿದು ಹಾಕಿ, ‘ನಿಮ್ಮ ಪತ್ರ ನನ್ನ ಬಳಿ ಸತ್ತಿತು’ ಎಂದು ತಮ್ಮ ಹೆಸರಿನೊಂದಿಗೆ ಕಳುಹಿಸಿದವರಿಗೆ ಒಂದು ಚೀಟಿ ಕಳುಹಿಸಬೇಕು. ಪ್ರತಿ ಐಪಿ ಪ್ಯಾಕೆಟ್ಟಿನ ಮೇಲೂ 8 ಬಿಟ್‌ಗಳ (ಸೊನ್ನೆ ಅಥವಾ ಒಂದು ಕೂರುವ ಎಂಟು ಸ್ಥಾನಗಳ) ಇಂಥದೊಂದು ಸಂಖ್ಯೆ ಇರುತ್ತದೆ, ಹಾಗಾಗಿ ಅದು 255ನ್ನು ಮೀರಲಾರದು. ಹೆಸರು ಟೈಮ್ ಟು ಲಿವ್, ಆದರೆ ಅದು ಎಣಿಸುವುದು ಸಮಯವನ್ನಲ್ಲ, ಕೈಬದಲಾವಣೆಗಳನ್ನು. ಐಪಿಯ ಹೊಸ ಆವೃತ್ತಿಯಾದ ಐಪಿವಿ6ರಲ್ಲಿ ಈ ಹೆಸರನ್ನು ಹಾಪ್ ಲಿಮಿಟ್ ಎಂದು ತಿದ್ದಿದ್ದಾರೆ. ತಪ್ಪು ಹೆಸರನ್ನು ಒಪ್ಪಿಕೊಂಡು ಬದಲಿಸಿದ ಉದಾಹರಣೆಗಳು ನಮ್ಮ ಕ್ಷೇತ್ರದಲ್ಲಿ ಅಪರೂಪ.

ಇಷ್ಟಾದ ಮೇಲೆ ಚುರುಕಾದ ಒಬ್ಬ ವಿದ್ಯಾರ್ಥಿಗೆ ಒಂದು ಸವಾಲು ಹಾಕಿ: ಯಾರ ಚೀಟಿಯನ್ನೂ ನೋಡದೆ, ನಿನ್ನ ಲಕೋಟೆ ಯಾರ ಯಾರ ಕೈ ದಾಟಿ ಹೋಗುತ್ತದೆ ಎಂಬುದನ್ನು ಪತ್ತೆಹಚ್ಚು. ಮೊದಲು 1 ಎಂದು ಬರೆದು ಕಳುಹಿಸಿದರೆ ಮೊದಲನೆಯವರ ಹೆಸರು ಬರುತ್ತದೆ, 2 ಎಂದು ಬರೆದು ಕಳುಹಿಸಿದರೆ ಎರಡನೆಯವರದು, 3ಕ್ಕೆ ಮೂರನೆಯವರದು. ವ್ಯಾನ್ ಜೇಕಬ್‌ಸನ್ 1980ರ ದಶಕದ ಕೊನೆಯಲ್ಲಿ ಬರೆದ ಟ್ರೇಸ್‌ರೂಟ್ ಎಂಬ ಸಲಕರಣೆ ಮಾಡುವುದು ಇದನ್ನೇ. ದಾರಿ ತಪ್ಪಿದ ಪ್ಯಾಕೆಟ್ಟುಗಳನ್ನು ಸಾಯಿಸಲೆಂದು ಇಟ್ಟ ಸಂಖ್ಯೆಯನ್ನು ಅವರು ದಾರಿ ತೋರಿಸಲು ಬಳಸಿಕೊಂಡರು. ಜಾಲಗಳ ಪಾಠದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು.

ಇನ್ನು ನಿಮ್ಮ ಕ್ಲಾಸುಗಳ ವಿಷಯ. ಅವನ್ನು ಚರಿತ್ರೆಯೆಂದು ಕಲಿಸಿ. 1981ರಲ್ಲಿ ಐಪಿ ನಿಯಮಗಳು ಪ್ರಕಟವಾದಾಗ ವಿಳಾಸಗಳನ್ನು ಮೂರು ಅಳತೆಯ ಮೂಟೆಗಳಲ್ಲಿ ಹಂಚುತ್ತಿದ್ದರು: ಕ್ಲಾಸ್ ಎ ಎಂದರೆ 1.67 ಕೋಟಿಗೂ ಹೆಚ್ಚು, ಬಿ ಎಂದರೆ 65,536, ಸಿ ಎಂದರೆ 256. 2,000 ಕಂಪ್ಯೂಟರುಗಳಿರುವ ವಿಶ್ವವಿದ್ಯಾಲಯ ಒಂದು ಕ್ಲಾಸ್ ಬಿ ಪಡೆದರೆ 63,000ಕ್ಕೂ ಹೆಚ್ಚು ವಿಳಾಸಗಳು ಕೊಳೆಯುತ್ತಿದ್ದವು; ಎಂಟು ಕ್ಲಾಸ್ ಸಿ ಪಡೆದರೆ ಜಗತ್ತಿನ ದೊಡ್ಡ ರೂಟರುಗಳೆಲ್ಲ ಒಂದು ಸಾಲಿನ ಬದಲು ಎಂಟು ಸಾಲು ಬರೆದುಕೊಳ್ಳಬೇಕಿತ್ತು. ಆದ್ದರಿಂದ 1993ರಲ್ಲಿ ಕ್ಲಾಸುಗಳನ್ನು ಕೈಬಿಟ್ಟು, ಎಷ್ಟು ಬಿಟ್‌ಗಳು ಜಾಲದವು ಎಂಬುದನ್ನು ವಿಳಾಸದ ಪಕ್ಕದಲ್ಲೇ ಓರೆಗೆರೆ ಹಾಕಿ ಬರೆಯುವ ಪದ್ಧತಿ ಬಂತು. 2,000 ಬೇಕಾದವರಿಗೆ /21 ಕೊಟ್ಟರೆ 2,048 ಸಿಗುತ್ತದೆ, ಸಾಲು ಒಂದೇ. ನಿಮ್ಮ ವಿದ್ಯಾರ್ಥಿಗಳು ಹುಟ್ಟುವ ಮುಂಚೆಯೇ ರದ್ದಾದ ಮಿತಿಗಳನ್ನು ಅವರಿಂದ ಬಾಯಿಪಾಠ ಮಾಡಿಸುತ್ತಿರುವುದು ಪಠ್ಯಕ್ರಮದ ದೋಷ, ನಿಮ್ಮದಲ್ಲ.

ಪ್ರಶ್ನೆ: ನನ್ನ ಮೊಬೈಲಿನ ವೈಫೈ ಸೆಟ್ಟಿಂಗಿನಲ್ಲಿ 192.168.1.5 ಎಂಬ ವಿಳಾಸ ಕಾಣಿಸುತ್ತದೆ. ಮೈಸೂರಿನಲ್ಲಿರುವ ನನ್ನ ಗೆಳೆಯನದೂ ಅದೇ ವಿಳಾಸ! ಒಂದೇ ವಿಳಾಸ ಇಬ್ಬರಿಗಿದ್ದರೆ ಅವನ ಸಂದೇಶ ನನಗೆ ಏಕೆ ಬರುವುದಿಲ್ಲ?
— ಬಿಸಿಎ ವಿದ್ಯಾರ್ಥಿ, ಕಲಬುರಗಿ

ಉತ್ತರ: ನೀವು ಹಾಸ್ಟೆಲ್ಲಿನಲ್ಲಿದ್ದರೆ ಇದು ಬೇಗ ಅರ್ಥವಾಗುತ್ತದೆ. ‘ಕೊಠಡಿ 5’ ಎಂಬುದು ಪ್ರತಿ ಹಾಸ್ಟೆಲ್ಲಿನಲ್ಲೂ ಇರುತ್ತದೆ, ಅದರಿಂದ ಯಾರಿಗೂ ತೊಂದರೆಯಿಲ್ಲ, ಏಕೆಂದರೆ ಗೇಟಿನ ಹೊರಗೆ ಆ ಸಂಖ್ಯೆಗೆ ಬೆಲೆಯಿಲ್ಲ. ಐಪಿ ವಿಳಾಸಗಳಲ್ಲಿ ಮೂರು ತುಂಡುಗಳನ್ನು ಹೀಗೆ ಒಳಬಳಕೆಗೆಂದೇ ತೆಗೆದಿಟ್ಟಿದ್ದಾರೆ: 10ರಿಂದ ಶುರುವಾಗುವ ಎಲ್ಲವೂ, 172.16ರಿಂದ 172.31ರವರೆಗಿನವು, ಮತ್ತು 192.168ರಿಂದ ಶುರುವಾಗುವವು. ಈಗ ಬಳಕೆಯಲ್ಲಿರುವ ನಿಯಮ 1996ರದು. ಇವನ್ನು ಯಾರು ಬೇಕಾದರೂ ಬಳಸಬಹುದು. ಹೊರಗಿನ ರೂಟರುಗಳು ಇವುಗಳಿಗೆ ದಾರಿ ಇಟ್ಟುಕೊಳ್ಳುವುದಿಲ್ಲ.

ಹಾಗಾದರೆ ಹೊರಗಿನಿಂದ ಉತ್ತರ ನಿಮ್ಮ ಮೊಬೈಲಿಗೇ ಬರುವುದು ಹೇಗೆ? ನಿಮ್ಮ ವೈಫೈ ಪೆಟ್ಟಿಗೆ ಒಂದು ದಫ್ತರ ಇಟ್ಟಿರುತ್ತದೆ. ನೀವು ಕಳುಹಿಸಿದ ಪ್ಯಾಕೆಟ್ಟಿನಿಂದ 192.168.1.5 ಎಂಬ ಕಳುಹಿಸಿದವರ ವಿಳಾಸವನ್ನು ಅಳಿಸಿ, ಹೊರಗೆ ಮಾನ್ಯವಾಗುವ ತನ್ನ ವಿಳಾಸವನ್ನೂ ಒಂದು ಪೋರ್ಟ್ ಸಂಖ್ಯೆಯನ್ನೂ ಬರೆಯುತ್ತದೆ, ಮತ್ತು ‘ಈ ಪೋರ್ಟಿಗೆ ಉತ್ತರ ಬಂದರೆ ಐದನೆಯ ಕೊಠಡಿಗೆ’ ಎಂದು ದಫ್ತರದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಪೋರ್ಟ್ ಸಂಖ್ಯೆ 16 ಬಿಟ್‌ಗಳದ್ದು, ಅಂದರೆ 65,536 ಸಾಧ್ಯತೆಗಳು. ಇದಕ್ಕೆ ನ್ಯಾಟ್ ಎಂದು ಹೆಸರು. ಮೊಬೈಲ್ ಕಂಪನಿಗಳು ಇದನ್ನೇ ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡುತ್ತವೆ. ಅವುಗಳ ಬಳಕೆಗೆಂದು 100.64ರಿಂದ 100.127ರವರೆಗಿನ ಮತ್ತೊಂದು ತುಂಡನ್ನು 2012ರಲ್ಲಿ ಮೀಸಲಿಟ್ಟರು.

ಇಷ್ಟೆಲ್ಲ ಕಸರತ್ತು ಬೇಕಾದದ್ದು ವಿಳಾಸಗಳು ಸಾಲದೆ ಹೋದದ್ದರಿಂದ. ಐಪಿವಿ4 ವಿಳಾಸ 32 ಬಿಟ್‌ಗಳದ್ದು, ಆದ್ದರಿಂದ ಒಟ್ಟು ಸುಮಾರು 429 ಕೋಟಿ ವಿಳಾಸಗಳು. ಆ ಅಳತೆಯನ್ನು ತಾವು ಒಂದು ಪ್ರಯೋಗಕ್ಕೆಂದು ಆರಿಸಿದ್ದಾಗಿ ಅದರ ರೂವಾರಿಗಳಲ್ಲಿ ಒಬ್ಬರಾದ ವಿಂಟ್ ಸರ್ಫ್ ನಂತರ ಹೇಳಿಕೊಂಡಿದ್ದಾರೆ. ಪ್ರಯೋಗ ಮುಗಿಯಲೇ ಇಲ್ಲ. ಜಾಗತಿಕ ದಾಸ್ತಾನಿನ ಕೊನೆಯ ದೊಡ್ಡ ತುಂಡುಗಳನ್ನು 2011ರ ಫೆಬ್ರವರಿ 3ರಂದು ಹಂಚಿ ಮುಗಿಸಲಾಯಿತು. 128 ಬಿಟ್‌ಗಳ ಐಪಿವಿ6 ಇದಕ್ಕೆ ಸರಿಯಾದ ಪರಿಹಾರ, ಮತ್ತು ಭಾರತದ ಮೊಬೈಲ್ ಜಾಲಗಳಲ್ಲಿ ಅದರ ಬಳಕೆ ಈಗಾಗಲೇ ವ್ಯಾಪಕವಾಗಿದೆ. ವೈಫೈ ಆರಿಸಿ, ಮೊಬೈಲ್ ಡೇಟಾ ಹಾಕಿಕೊಂಡು ಮತ್ತೊಮ್ಮೆ ಸೆಟ್ಟಿಂಗ್ ನೋಡಿ. ಚುಕ್ಕಿಗಳ ಬದಲು ಜೋಡಿಚುಕ್ಕಿಗಳಿಂದ ಬೇರ್ಪಟ್ಟ ಉದ್ದನೆಯ ವಿಳಾಸವೊಂದು ಕಂಡರೆ ಅದೇ ಐಪಿವಿ6, ಅದು ನಿಮ್ಮ ಗೆಳೆಯನ ಮೊಬೈಲಿನಲ್ಲಿ ಇರುವುದಿಲ್ಲ.

ಪ್ರಶ್ನೆ: ಸಬ್‌ನೆಟ್ ಮಾಸ್ಕ್ ಪಾಠ ಬಂದರೆ ವಿದ್ಯಾರ್ಥಿಗಳ ಜೊತೆ ನನಗೂ ಭಯ. ದ್ವಿಮಾನ ಪದ್ಧತಿಯ ಲೆಕ್ಕ ಮಾಡಿಸುತ್ತೇನೆ, ಅವರು ಮಾಡುತ್ತಾರೆ, ಆದರೆ ಏಕೆ ಮಾಡುತ್ತಿದ್ದೇವೆಂದು ಇಬ್ಬರಿಗೂ ತಿಳಿದಿರುವುದಿಲ್ಲ.
— ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ನಿಮ್ಮ ಪ್ರಾಮಾಣಿಕತೆ ಮೆಚ್ಚುವಂಥದ್ದು. ಲೆಕ್ಕಕ್ಕೆ ಮುಂಚೆ ಕಾರಣ ಹೇಳೋಣ. ನಿಮ್ಮ ಕಂಪ್ಯೂಟರ್ ಒಂದು ಪ್ಯಾಕೆಟ್ ಕಳುಹಿಸುವಾಗ ತನ್ನನ್ನು ತಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ವಿಳಾಸದವರು ನನ್ನ ಕೇರಿಯವರೋ, ಹೊರಗಿನವರೋ? ಕೇರಿಯವರಾದರೆ ನೇರವಾಗಿ ಕೊಡುತ್ತದೆ. ಹೊರಗಿನವರಾದರೆ ಕೇರಿಯ ಬಾಗಿಲಿಗೆ, ಅಂದರೆ ಡಿಫಾಲ್ಟ್ ಗೇಟ್‌ವೇಗೆ ಒಯ್ದು ಕೊಡುತ್ತದೆ. ಕೇರಿ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಹೇಳುವುದು ಮಾಸ್ಕ್. ಅದರಾಚೆಗೆ ಮಾಸ್ಕಿನಲ್ಲಿ ಯಾವ ಗುಟ್ಟೂ ಇಲ್ಲ.

ಲೆಕ್ಕಕ್ಕೆ ಒಂದು ಉದ್ದನೆಯ ಕಾಗದದ ಪಟ್ಟಿ ತೆಗೆದುಕೊಳ್ಳಿ. ಎಡ ತುದಿಯಲ್ಲಿ 0, ಬಲ ತುದಿಯಲ್ಲಿ 255 ಎಂದು ಬರೆಯಿರಿ, ಇದು 203.0.113.0/24 ಎಂಬ ಜಾಲ. ಪಟ್ಟಿಯನ್ನು ಒಮ್ಮೆ ನಡುವೆ ಮಡಿಸಿದರೆ 128ರ ಎರಡು ತುಂಡು, ಅದು /25. ಮತ್ತೊಮ್ಮೆ ಮಡಿಸಿದರೆ 64ರ ನಾಲ್ಕು ತುಂಡು, ಅದು /26. ಒಂದೊಂದು ಮಡಿಕೆಯೂ ಒಂದೊಂದು ಬಿಟ್. ಈಗ 203.0.113.77 ಎಲ್ಲಿದೆ ಎಂದು ಕೇಳಿ. ಪಟ್ಟಿಯ ಎರಡನೆಯ ತುಂಡಿನಲ್ಲಿ, 64ಕ್ಕೂ 127ಕ್ಕೂ ನಡುವೆ. ಅದರ ನಂತರವೇ ದ್ವಿಮಾನಕ್ಕೆ ಬನ್ನಿ: 77 ಎಂದರೆ 01001101, ಅದರ ಮೊದಲ ಎರಡು ಬಿಟ್ 01, ಉಳಿದವನ್ನು ಸೊನ್ನೆ ಮಾಡಿದರೆ 01000000, ಅಂದರೆ 64. /26ರ ಮಾಸ್ಕ್ 255.255.255.192; ಅದರ ಕೊನೆಯ ಭಾಗವಾದ 192 ಎಂದರೆ 11000000, ಮೊದಲ ಎರಡು ಬಿಟ್‌ಗಳನ್ನು ಉಳಿಸಿ ಉಳಿದದ್ದನ್ನು ಅಳಿಸು ಎಂಬ ಸೂಚನೆ. ಕಾಗದದ ಮಡಿಕೆಯೂ ಲೆಕ್ಕವೂ ಒಂದೇ ಜಾಗಕ್ಕೆ ಬಂದು ನಿಂತಾಗ ಮಕ್ಕಳ ಮುಖ ನೋಡಬೇಕು. ಆ ತುಂಡಿನ ಮೊದಲ ಸಂಖ್ಯೆ ಜಾಲದ ಹೆಸರಿಗೆ, ಕೊನೆಯದು ಎಲ್ಲರನ್ನೂ ಒಟ್ಟಿಗೆ ಕೂಗುವುದಕ್ಕೆ. ಹಾಗಾಗಿ ಬಳಕೆಗೆ ಉಳಿಯುವುದು 62.

(203.0.113 ಎಂಬ ತುಂಡನ್ನು ಪಾಠ ಮತ್ತು ಪುಸ್ತಕಗಳ ಉದಾಹರಣೆಗೆಂದೇ ಮೀಸಲಿಟ್ಟಿದ್ದಾರೆ. ನಿಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಯಾರದ್ದೋ ನಿಜವಾದ ವಿಳಾಸವನ್ನು ಬಳಸುವುದಕ್ಕಿಂತ ಇದು ಒಳ್ಳೆಯದು.)

ಪಾಠದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಮಾತನ್ನು ಸೇರಿಸುತ್ತೇನೆ. ಕೇರಿಯೊಳಗೆ ನೇರವಾಗಿ ಕೊಡುವಾಗ ಐಪಿ ವಿಳಾಸ ಸಾಲದು, ಯಂತ್ರದ 48 ಬಿಟ್‌ಗಳ ಮ್ಯಾಕ್ ವಿಳಾಸವೂ ಬೇಕು. ಅದನ್ನು ಕಂಪ್ಯೂಟರ್ ಕೂಗಿ ಕೇಳುತ್ತದೆ: ‘ಈ ಐಪಿ ಯಾರದು?’ ಪ್ಯಾಕೆಟ್ಟಿಗೆ ಎರಡು ಲಕೋಟೆ ಇದೆಯೆಂದು ಹೇಳಿ. ಹೊರಗಿನ ಲಕೋಟೆಯನ್ನು ಪ್ರತಿ ರೂಟರೂ ಒಡೆದು, ಮುಂದಿನ ಯಂತ್ರದ ಹೆಸರು ಬರೆದ ಹೊಸ ಲಕೋಟೆ ಹಾಕುತ್ತದೆ. ಒಳಗಿನದರ ಮೇಲೆ ಬರೆದ ತಲುಪಬೇಕಾದ ಐಪಿ ವಿಳಾಸವನ್ನು ದಾರಿಯ ರೂಟರುಗಳು ಮುಟ್ಟುವುದಿಲ್ಲ. ಎರಡು ಬಗೆಯ ವಿಳಾಸ ಏಕೆ ಬೇಕು ಎಂಬ ಹಳೆಯ ಗೊಂದಲ ಇದರಿಂದ ತೀರುತ್ತದೆ.

ಪ್ರಶ್ನೆ: ಟ್ರೇಸರ್ಟ್ (ವಿಂಡೋಸಿನ ಟ್ರೇಸ್‌ರೂಟ್) ಆಜ್ಞೆಯನ್ನು ತರಗತಿಯಲ್ಲಿ ತೋರಿಸಿದೆ. ನಡುವೆ ಕೆಲವು ಸಾಲುಗಳಲ್ಲಿ ಬರೀ ನಕ್ಷತ್ರ ಚಿಹ್ನೆಗಳು ಬಂದವು. ಅಮೆರಿಕದ ಕಂಪನಿಯೊಂದರ ವಿಳಾಸ 6 ಮಿಲಿಸೆಕೆಂಡಿನಲ್ಲಿ ಉತ್ತರಿಸಿತು. ‘ಅಮೆರಿಕ ಇಷ್ಟು ಹತ್ತಿರವೇ ಸರ್?’ ಎಂದು ವಿದ್ಯಾರ್ಥಿ ಕೇಳಿದಾಗ ಉತ್ತರ ಹೊಳೆಯಲಿಲ್ಲ.
— ಪಾಲಿಟೆಕ್ನಿಕ್ ಉಪನ್ಯಾಸಕ, ಶಿರಸಿ

ಉತ್ತರ: ಆ ವಿದ್ಯಾರ್ಥಿಯ ಬೆನ್ನು ತಟ್ಟಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ, ಅಂದರೆ ಮಿಲಿಸೆಕೆಂಡಿಗೆ 200 ಕಿ.ಮೀ. ಟ್ರೇಸರ್ಟ್ ತೋರಿಸುವುದು ಹೋಗಿ ಬರುವ ಸಮಯವನ್ನು, ಆದ್ದರಿಂದ ಒಂದು ಮಿಲಿಸೆಕೆಂಡಿಗೆ ಹೆಚ್ಚೆಂದರೆ 100 ಕಿ.ಮೀ. ದೂರ ಎಂದು ಲೆಕ್ಕ ಹಿಡಿಯಿರಿ. 6 ಮಿಲಿಸೆಕೆಂಡಿನಲ್ಲಿ ಉತ್ತರಿಸಿದ ಯಂತ್ರ ನಿಮ್ಮಿಂದ 600 ಕಿ.ಮೀ. ಒಳಗೇ ಇರಬೇಕು. ಕ್ಯಾಲಿಫೋರ್ನಿಯಾ ಇಲ್ಲಿಂದ ಸುಮಾರು 14,000 ಕಿ.ಮೀ. ದೂರವಿರುವುದರಿಂದ ಅಲ್ಲಿಂದ 140 ಮಿಲಿಸೆಕೆಂಡಿಗಿಂತ ಬೇಗ ಉತ್ತರ ಬರುವುದನ್ನು ಭೌತಶಾಸ್ತ್ರವೇ ತಡೆಯುತ್ತದೆ. ಸಮುದ್ರದಡಿಯ ಕೇಬಲ್ಲುಗಳು ಸುತ್ತಿಬಳಸಿ ಹೋಗುವುದರಿಂದ ನಿಜವಾದ ಸಮಯ ಇನ್ನೂ ಹೆಚ್ಚು. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ದೂರ ಸುಮಾರು 3,200 ಕಿ.ಮೀ.; ಆ ವಿಳಾಸದ ಯಂತ್ರ ಅಲ್ಲಿದ್ದಿದ್ದರೂ 32 ಮಿಲಿಸೆಕೆಂಡು ಬೇಕಾಗುತ್ತಿತ್ತು.

ಹಾಗಾದರೆ ಉತ್ತರಿಸಿದ್ದು ಯಾರು? ಆ ಕಂಪನಿ ನಿಮ್ಮ ಸಮೀಪದ ನಗರವೊಂದರಲ್ಲಿ ಇಟ್ಟಿರುವ ಯಂತ್ರ. ಒಂದೇ ಐಪಿ ವಿಳಾಸವನ್ನು ಜಗತ್ತಿನ ಹಲವು ಊರುಗಳಿಂದ ‘ಇದು ನನ್ನ ಬಳಿ ಇದೆ’ ಎಂದು ಸಾರಿ, ಪ್ಯಾಕೆಟ್ಟುಗಳು ತಮಗೆ ಹತ್ತಿರದ ಪ್ರತಿಗೆ ಹೋಗುವಂತೆ ಮಾಡುವ ಪದ್ಧತಿಯೊಂದಿದೆ, ಅದಕ್ಕೆ ಎನಿಕಾಸ್ಟ್ ಎನ್ನುತ್ತಾರೆ. ಗೂಗಲ್ಲಿನ 8.8.8.8 ಹಾಗೆಯೇ ಕೆಲಸ ಮಾಡುತ್ತದೆ. ಅಂತರಜಾಲದ ಹೆಸರುಗಳ ಮೂಲ ಸರ್ವರುಗಳು 13 ಎಂದು ಪುಸ್ತಕಗಳು ಹೇಳುತ್ತವೆ. ಆ 13 ಹೆಸರುಗಳ ಹಿಂದೆ ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಪ್ರತಿಗಳಿವೆ. ಪಿನ್‌ಕೋಡಿನ ಹೋಲಿಕೆ ಮುರಿಯುವುದು ಇಲ್ಲಿ, ಮತ್ತು ಮುರಿಯುವ ಜಾಗವನ್ನು ಮಕ್ಕಳಿಗೆ ತೋರಿಸದೆ ಇರಬೇಡಿ. ಪಿನ್‌ಕೋಡ್ ನೆಲಕ್ಕೆ ಅಂಟಿಕೊಂಡದ್ದು, ಐಪಿ ವಿಳಾಸ ಜಾಲಕ್ಕೆ ಅಂಟಿಕೊಂಡದ್ದು. ಅಕ್ಕಪಕ್ಕದ ಎರಡು ಮನೆಗಳು ಬೇರೆ ಬೇರೆ ಕಂಪನಿಗಳ ಸಂಪರ್ಕ ಪಡೆದಿದ್ದರೆ ಅವುಗಳ ವಿಳಾಸಗಳಲ್ಲಿ ಮೊದಲ ಅಂಕಿಯೂ ಹೊಂದದೆ ಇರಬಹುದು.

ನಕ್ಷತ್ರ ಚಿಹ್ನೆಗಳು ಬಂದರೆ ಗಾಬರಿ ಬೇಡ. ಆ ರೂಟರ್ ‘ನಿಮ್ಮ ಪತ್ರ ಸತ್ತಿತು’ ಎಂಬ ಚೀಟಿ ಕಳುಹಿಸಲು ಒಪ್ಪದೆ ಸುಮ್ಮನಿದೆ, ಅಷ್ಟೇ. ಮುಂದಿನ ಸಾಲುಗಳಲ್ಲಿ ಉತ್ತರ ಬಂದಿದ್ದರೆ ದಾರಿ ಸರಿಯಿದೆ. ಒಂದು ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್ ಆಜ್ಞೆಯ ಉತ್ತರದಲ್ಲಿ ಬರುವ ಟಿಟಿಎಲ್ (ಟೈಮ್ ಟು ಲಿವ್) ಸಂಖ್ಯೆಯನ್ನೂ ಗಮನಿಸಲು ಹೇಳಿ. ಲಿನಕ್ಸ್ ಯಂತ್ರಗಳು ಸಾಮಾನ್ಯವಾಗಿ 64ರಿಂದ, ವಿಂಡೋಸ್ ಯಂತ್ರಗಳು 128ರಿಂದ ಎಣಿಕೆ ಶುರುಮಾಡುತ್ತವೆ. ಉತ್ತರದಲ್ಲಿ 56 ಕಂಡರೆ ನಡುವೆ ಎಂಟು ರೂಟರುಗಳಿವೆಯೆಂದು ಊಹಿಸಬಹುದು.

ಪ್ರಶ್ನೆ: ದೇಶ ದೇಶಗಳ ನಡುವೆ ದಾರಿ ಹೇಳುವ ಪ್ರಧಾನ ಕಚೇರಿ ಎಲ್ಲಿದೆ? ನಾನು ನಿವೃತ್ತ ಬ್ಯಾಂಕ್ ನೌಕರ; ಮೊಮ್ಮಗಳು ಕೇಳಿದಳು, ನನಗೆ ತಿಳಿಯಲಿಲ್ಲ.
— ಓದುಗರು, ಉಡುಪಿ

ಉತ್ತರ: ಅಂಥ ಕಚೇರಿ ಇಲ್ಲ ಎಂದರೆ ಬ್ಯಾಂಕಿನಲ್ಲಿ ಕೆಲಸ ಮಾಡಿದ ತಮಗೆ ಒಪ್ಪಲು ಕಷ್ಟವಾದೀತು. ವಿಳಾಸಗಳನ್ನು ಹಂಚುವುದಕ್ಕೆ ಕಚೇರಿಗಳಿವೆ. ಏಷ್ಯಾ-ಪೆಸಿಫಿಕ್ ವಲಯಕ್ಕೆ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿರುವ ಎಪಿನಿಕ್, ಭಾರತದ ಮಟ್ಟಿಗೆ ನಿಕ್ಸಿ ಸಂಸ್ಥೆಯ ಅಡಿಯಲ್ಲಿರುವ ಐರಿನ್. ಆದರೆ ದಾರಿಯನ್ನು ಯಾರೂ ಮೇಲಿನಿಂದ ಹೇಳುವುದಿಲ್ಲ. ಜಗತ್ತಿನಲ್ಲಿ 70,000ಕ್ಕೂ ಹೆಚ್ಚು ಸ್ವತಂತ್ರ ಜಾಲಗಳಿವೆ. ಟೆಲಿಕಾಂ ಕಂಪನಿಗಳು, ವಿಶ್ವವಿದ್ಯಾಲಯಗಳು, ದೊಡ್ಡ ಬ್ಯಾಂಕುಗಳು ಎಲ್ಲವೂ ಇದರಲ್ಲಿ ಸೇರಿವೆ. ಪ್ರತಿಯೊಂದೂ ತನ್ನ ನೆರೆಯವರಿಗೆ ‘ಈ ವಿಳಾಸಗಳು ನನ್ನ ಮೂಲಕ ಸಿಗುತ್ತವೆ’ ಎಂದು ಸಾರುತ್ತದೆ, ನೆರೆಯವರು ಅದನ್ನು ತಮ್ಮ ನೆರೆಯವರಿಗೆ ದಾಟಿಸುತ್ತಾರೆ. ಈ ಮಾತುಕತೆಯ ನಿಯಮಾವಳಿಯ ಹೆಸರು ಬಿಜಿಪಿ. 1989ರಲ್ಲಿ ಸಭೆಯೊಂದರ ಊಟದ ಹೊತ್ತಿನಲ್ಲಿ ಯಾಕೊವ್ ರೆಖ್ಟರ್ ಮತ್ತು ಕರ್ಕ್ ಲೊಹೀಡ್ ಎಂಬಿಬ್ಬರು ಕೈ ಒರೆಸುವ ಕಾಗದಗಳ ಮೇಲೆ ಅದರ ಕರಡು ಬರೆದರು. ಒಂದು ಜಾಲದ ಒಳಗೆ ದಾರಿ ಹುಡುಕುವಾಗ 1959ರಲ್ಲಿ ಗಣಕ ವಿಜ್ಞಾನಿ ಡೈಕ್‌ಸ್ಟ್ರಾ ಪ್ರಕಟಿಸಿದ ಅತಿ ಹತ್ತಿರದ ದಾರಿಯ ಲೆಕ್ಕ ಇಂದಿಗೂ ನಡೆಯುತ್ತದೆ. ಆದರೆ ಜಾಲಗಳ ನಡುವೆ ದೂರಕ್ಕಿಂತ ವ್ಯವಹಾರ ಮುಖ್ಯ: ಹಣ ಕೊಡುವ ಗಿರಾಕಿಯ ಮೂಲಕ ಸಾಗುವ ದಾರಿಯನ್ನು, ನಾವೇ ಹಣ ಕೊಡಬೇಕಾದ ದಾರಿಗಿಂತ ಮುಂದೆ ಇಡುತ್ತಾರೆ. ಹಿಂದೆ ಎರಡು ಭಾರತೀಯ ಕಂಪನಿಗಳ ನಡುವಿನ ಪ್ಯಾಕೆಟ್ ವಿದೇಶಕ್ಕೆ ಹೋಗಿ ಬರುತ್ತಿದ್ದುದೂ ಇಂಥ ಕಾರಣದಿಂದಲೇ. ಅದನ್ನು ತಪ್ಪಿಸಿ ದೇಶದೊಳಗೇ ವಿನಿಮಯವಾಗಲೆಂದು 2003ರಲ್ಲಿ ನಿಕ್ಸಿ ಸ್ಥಾಪನೆಯಾಯಿತು.

ಹೀಗೆ ನಂಬಿಕೆಯ ಮೇಲೆ ನಡೆಯುವ ವ್ಯವಸ್ಥೆ ಕೆಡುವುದೂ ಉಂಟು. 2008ರ ಫೆಬ್ರವರಿ 24ರಂದು, ಯೂಟ್ಯೂಬನ್ನು ದೇಶದೊಳಗೆ ತಡೆಯಬೇಕೆಂಬ ಸರ್ಕಾರದ ಆದೇಶದಂತೆ ಪಾಕಿಸ್ತಾನ ಟೆಲಿಕಾಂ ತನ್ನ ಜಾಲದಲ್ಲಿ ಒಂದು ಸುಳ್ಳು ದಾರಿ ಬರೆದುಕೊಂಡಿತು. ಅದು ಒಳಗೇ ಉಳಿಯಬೇಕಿತ್ತು, ಆದರೆ ಹೊರಗೆ ಸೋರಿತು. ಅದರ ಮೇಲಿನ ಜಾಲ ಪರಿಶೀಲಿಸದೆ ಅದನ್ನು ಜಗತ್ತಿಗೆ ದಾಟಿಸಿತು. ಯೂಟ್ಯೂಬ್ ತನ್ನ 1,024 ವಿಳಾಸಗಳನ್ನು 208.65.152.0/22 ಎಂಬ ಒಂದೇ ಸಾಲಾಗಿ ಸಾರುತ್ತಿತ್ತು. ಪಾಕಿಸ್ತಾನದಿಂದ ಬಂದದ್ದು ಅದರೊಳಗಿನ 256 ವಿಳಾಸಗಳ 208.65.153.0/24. ಹಾವೇರಿಯ ಉಪನ್ಯಾಸಕಿಯವರ ಆಟವನ್ನು ನೆನಪಿಸಿಕೊಳ್ಳಿ: ಹೆಚ್ಚು ಅಂಕಿ ಹೊಂದುವ ಸಾಲೇ ಗೆಲ್ಲುತ್ತದೆ. ರೂಟರುಗಳು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವು, ಅದರಿಂದಾಗಿಯೇ ಯೂಟ್ಯೂಬ್ ಜಗತ್ತಿನ ಬಹುಪಾಲಿಗೆ ಸುಮಾರು ಎರಡು ಗಂಟೆ ಕಾಣೆಯಾಯಿತು. ಯೂಟ್ಯೂಬಿನವರು ಎದುರು ಹೂಡಿದ್ದೂ ಅದೇ ಅಸ್ತ್ರ: ಇನ್ನೂ ಉದ್ದನೆಯ ಎರಡು /25 ಸಾಲುಗಳು. ಯಾವ ವಿಳಾಸವನ್ನು ಸಾರುವ ಹಕ್ಕು ಯಾರಿಗಿದೆ ಎಂಬುದಕ್ಕೆ ಡಿಜಿಟಲ್ ಸಹಿಯ ಪುರಾವೆ ಕೇಳುವ ಪದ್ಧತಿ ಈಗ ಬಂದಿದೆ, ಆದರೆ ಎಲ್ಲ ಜಾಲಗಳೂ ಇನ್ನೂ ಅದನ್ನು ಕೇಳುತ್ತಿಲ್ಲ. ಮೊಮ್ಮಗಳಿಗೆ ತಾವು ಹೀಗೆ ಹೇಳಬಹುದು: ಚೆಕ್ಕಿನ ಮೇಲಿನ ಸಹಿಯನ್ನು ಹೋಲಿಸಿ ನೋಡದೆ ಹಣ ಕೊಡುವ ಶಾಖೆಗಳು ಆ ಲೋಕದಲ್ಲಿ ಇನ್ನೂ ಇವೆ.

ಪ್ರಶ್ನೆ: ಜಾಲತಾಣದ ಹೆಸರನ್ನು ರೂಟರುಗಳು ಓದುತ್ತವೆಯೇ? ಕನ್ನಡದಲ್ಲೇ ವಿಳಾಸ ಬರೆದರೆ ಅವುಗಳಿಗೆ ಅರ್ಥವಾಗುತ್ತದೆಯೇ?
— ಪ್ರೌಢಶಾಲಾ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ರೂಟರುಗಳಿಗೆ ಹೆಸರು ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹೆಸರನ್ನು ಸಂಖ್ಯೆಗೆ ತಿರುಗಿಸುವುದು ಡಿಎನ್ಎಸ್ ಎಂಬ ಬೇರೆಯೇ ವ್ಯವಸ್ಥೆ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ್ದು. ಅದಕ್ಕೂ ಮುಂಚೆ ಎಲ್ಲ ಕಂಪ್ಯೂಟರುಗಳ ಹೆಸರೂ ಒಂದೇ ಕಡತದಲ್ಲಿರುತ್ತಿತ್ತು, ಎಲ್ಲರೂ ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ನಿಂತುಹೋದಾಗ ಈ ಎರಡು ವ್ಯವಸ್ಥೆಗಳ ನಂಟು ಎಲ್ಲರಿಗೂ ಕಂಡಿತು: ಅವರ ಹೆಸರಿನ ಸರ್ವರುಗಳಿಗೆ ಹೋಗುವ ದಾರಿಯ ಸಾರುವಿಕೆಯೇ ಹಿಂದಕ್ಕೆ ಹೋಗಿದ್ದರಿಂದ ಹೆಸರನ್ನು ಸಂಖ್ಯೆಗೆ ತಿರುಗಿಸುವವರೇ ಸಿಗದಾದರು. ಕನ್ನಡದಲ್ಲಿ ‘.ಭಾರತ’ ಎಂದು ಕೊನೆಗೊಳ್ಳುವ ಹೆಸರುಗಳು ಇವೆ. ನೀವು ಕನ್ನಡದಲ್ಲಿ ಬರೆದದ್ದನ್ನು ನಿಮ್ಮ ಬ್ರೌಸರ್ ಪ್ಯೂನಿಕೋಡ್ ಎಂಬ ರೂಪದ ಇಂಗ್ಲಿಷ್ ಅಕ್ಷರಗಳಿಗೆ ಬದಲಾಯಿಸಿ ಡಿಎನ್ಎಸ್‌ಗೆ ಕೊಡುತ್ತದೆ. ಅಲ್ಲಿಂದಾಚೆಗೆ ಎಲ್ಲರಂತೆ ಸಂಖ್ಯೆಯೇ.

ಪ್ರಶ್ನೆ: ಬಾಯಿಪಾಠದಿಂದ ಉತ್ತರಿಸಲಾಗದ ಒಂದು ಪರೀಕ್ಷಾ ಪ್ರಶ್ನೆಯನ್ನು ದಯವಿಟ್ಟು ಸೂಚಿಸಿ.
— ಉಪನ್ಯಾಸಕ, ರಾಯಚೂರು

ಉತ್ತರ: ಇದನ್ನು ಕೊಟ್ಟು ನೋಡಿ. ಒಂದು ರೂಟರಿನಲ್ಲಿ ನಾಲ್ಕು ಸಾಲುಗಳಿವೆ: 203.0.113.0/24 ಪೂರ್ವಕ್ಕೆ, 203.0.113.128/25 ಪಶ್ಚಿಮಕ್ಕೆ, 203.0.113.192/26 ಉತ್ತರಕ್ಕೆ, ಉಳಿದದ್ದೆಲ್ಲ ದಕ್ಷಿಣಕ್ಕೆ. 203.0.113.20, 203.0.113.150, 203.0.113.200 ಮತ್ತು 198.51.100.7 ಎಂಬ ನಾಲ್ಕು ವಿಳಾಸಗಳ ಪ್ಯಾಕೆಟ್ಟುಗಳು ಯಾವ ಕಡೆಗೆ ಹೋಗುತ್ತವೆ? ಕ್ರಮವಾಗಿ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಎರಡನೆಯ ಭಾಗವಾಗಿ, ಉತ್ತರ ದಿಕ್ಕಿನ ತಂತಿ ತುಂಡಾಗಿ ಆ ಸಾಲು ಅಳಿಸಿಹೋದರೆ 203.0.113.200 ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ‘ದಕ್ಷಿಣಕ್ಕೆ’ ಎಂದು ಬರೆದವರನ್ನು ಮತ್ತೊಮ್ಮೆ ಕಾಗದದ ಪಟ್ಟಿಯ ಮುಂದೆ ಕೂರಿಸಿ. ಅದು ಹೋಗುವುದು ಪಶ್ಚಿಮಕ್ಕೆ.